ನಳಿನಿಯ ಹೆಸರಿನ ಹರಕೆ

ಕೋಡಿಂಬಾಳದ ದೊಡ್ಡಮ್ಮನಿಗೆ, ನೀವು ಸಾಕಿದ ಸುಧಾಕರ ಪಂಜದಿಂದ ಬರೆಯುವುದು.

ನಿಮಗೆ ಓದಲು ಬರುತ್ತಿರಲಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನೀವು ಇರುವಲ್ಲಿ ಅಕ್ಷರ ಬಲ್ಲವರು ಯಾರಾದರೂ ಇದ್ದೇ ಇರುತ್ತಾರೆ, ಅವರ ಕೈಯಲ್ಲಿ ಓದಿಸಿ. ಓದುವವರಿಗೆ ನನ್ನದೊಂದು ಮಾತು: ಇವರು ನಡುವೆ ನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ. ಉತ್ತರ ಹೇಳದೆ ಮುಂದಿನ ಸಾಲಿಗೆ ಹೋಗಲು ಬಿಡುವುದಿಲ್ಲ. ಬೇಸರಿಸಬೇಡಿ. ನಾನು ಬೇಸರಿಸಿದ್ದೆ. ಈಗ ಅದನ್ನು ನೆನೆದರೆ...

ನೀವು ಹೋಗುವಾಗ ನಾನು ಬಸ್ಸಿನಲ್ಲಿ ಕ್ಲೀನರ್ ಆಗಿದ್ದೆ. ಅದನ್ನು ಬಿಟ್ಟೆ. ಈಗ ಪಂಜದಲ್ಲಿ ರಬ್ಬರ್ ಟ್ಯಾಪಿಂಗ್. ಇದು ಎಷ್ಟು ದಿನ ಎಂದು ನೀವು ಕೇಳುವುದು ಕಿವಿಗೆ ಬೀಳುತ್ತಿದೆ. ಹತ್ತನೇ ಕ್ಲಾಸು ಮುಗಿದ ಮೇಲೆ ನಾನು ಎಲ್ಲಿ ನಿಂತೆ ಹೇಳಿ? ಪುತ್ತೂರಿನ ಹೋಟೆಲಿನಲ್ಲಿ ಒಂದು ಮಳೆಗಾಲ, ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಒಂದು ಬೇಸಿಗೆ. "ಇವನ ಕಾಲಿನ ಅಡಿಗೆ ಇರುವೆ ಗೂಡು ಕಟ್ಟಿದೆ" ಎಂದು ದೊಡ್ಡಪ್ಪ ಹೇಳುವಾಗ ನೀವು ನನ್ನ ಪರ ಮಾತಾಡುತ್ತಿದ್ದಿರಿ. "ಗೂಡು ಕಟ್ಟಿದ್ರೆ ಕಟ್ಲಿ, ಕಚ್ಚುದು ಅವನಿಗೆ ಅಲ್ವಾ? ನಿಮಗೆಂತ?"

ಆ ಪುಸ್ತಕ ತಂದ ದಿನ ನೆನಪುಂಟಾ? ಹೋಟೆಲಿಗೆ ರಜೆ ಹಾಕಿ ಬಂದಿದ್ದೆ. ಪುತ್ತೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಹಮೀದಾಕನ ಅಂಗಡಿಯಲ್ಲಿ ಕಾದಂಬರಿ ಬಾಡಿಗೆಗೆ ಸಿಗುತ್ತಿತ್ತು. ಅಂಗೈ ಅಗಲದ ಪುಸ್ತಕಗಳು, ಕೈಯಿಂದ ಕೈಗೆ ಹೋಗಿ ಮೂಲೆಗಳೆಲ್ಲ ದುಂಡಗಾದವು. ನಾನು ತಂದದ್ದಕ್ಕೆ ರಟ್ಟೂ ಇರಲಿಲ್ಲ, ಮೊದಲ ಪುಟವೂ ಇರಲಿಲ್ಲ. ಅದರ ಹೆಸರು ಏನು, ಬರೆದವರು ಯಾರು, ಇವತ್ತಿಗೂ ನನಗೆ ಗೊತ್ತಿಲ್ಲ. "ಪಿಶಾಚಿಯದ್ದು. ಕಾಲೇಜು ಮಕ್ಕಳು ಮುಗಿಬಿದ್ದು ಕೊಂಡೋಗ್ತಾರೆ" ಎಂದಷ್ಟೇ ಹಮೀದಾಕ ಹೇಳಿದ್ದು.

ಜಗಲಿಯಲ್ಲಿ ನೀವು ಬೀಡಿ ಕಟ್ಟುತ್ತಿದ್ದಿರಿ. ಮಡಿಲಲ್ಲಿ ಮೊರದಂಥ ತಡ್ಪೆ, ತಡ್ಪೆಯಲ್ಲಿ ಕತ್ತರಿಸಿದ ಎಲೆ, ಪಕ್ಕದಲ್ಲಿ ಹೊಗೆಸೊಪ್ಪು. ನಾನು ಕಂಬಕ್ಕೆ ಒರಗಿ ನನ್ನಷ್ಟಕ್ಕೆ ಓದುತ್ತಿದ್ದೆ. ನೀವು ತಲೆ ಎತ್ತದೆ ಹೇಳಿದಿರಿ:

"ಒಬ್ಬನೇ ತಿನ್ನುದು ಒಳ್ಳೆ ಮಕ್ಕಳ ಲಕ್ಷಣ ಅಲ್ಲ ಮಗಾ."

"ನಾನು ಎಂತ ತಿಂತಿದ್ದೇನೆ?"

"ಆ ಪುಸ್ತಕ. ದೊಡ್ಡಕ್ಕೆ ಓದು. ನನಗೆ ಕೈಗೆ ಮಾತ್ರ ಕೆಲಸ ಉಂಟು, ಕಿವಿ ಖಾಲಿ."

ಹಾಗೆ ಶುರುವಾದದ್ದು. ಪುಸ್ತಕ ಕನ್ನಡದ್ದು, ನಿಮಗೆ ರುಚಿಸುವುದು ತುಳು. ನಾನು ಸಾಲನ್ನು ಕಣ್ಣಲ್ಲಿ ಓದಿ ಬಾಯಲ್ಲಿ ತುಳು ಮಾಡಿ ಹೇಳುತ್ತಿದ್ದೆ. ವರ್ಣನೆ ಬಂದಲ್ಲಿ ಹಾರಿಸಿಬಿಡುತ್ತಿದ್ದೆ. ನಿಮಗೆ ಅದು ಹೇಗೆ ಗೊತ್ತಾಗುತ್ತಿತ್ತೋ. "ಅಲ್ಲಿ ಎಂತದೋ ಬಿಟ್ಟೆ ನೀನು. ಹಿಂದೆ ಹೋಗು." ಹಿಂದೆ ಹೋದರೆ ಅಲ್ಲಿ ಹಾಸ್ಟೆಲಿನ ಮೆಟ್ಟಿಲಿನ ವರ್ಣನೆ. ಅದೂ ನಿಮಗೆ ಬೇಕು. ಮೆಟ್ಟಿಲು ಕಲ್ಲಿನದ್ದಾ ಮರದ್ದಾ ಎಂದು ಗೊತ್ತಾಗದಿದ್ದರೆ ಆ ಹುಡುಗಿ ಇಳಿಯುವಾಗ ಸದ್ದು ಕೇಳುವುದು ಹೇಗೆ ಎಂಬುದು ನಿಮ್ಮ ವಾದ.

ನಳಿನಿ ಕಥೆಗೆ ಬಂದ ಮಧ್ಯಾಹ್ನ ನನಗೆ ಸರಿಯಾಗಿ ನೆನಪಿದೆ. ಘಟ್ಟದ ಮೇಲಿನ ಒಂದು ಊರಿನ ಹಾಸ್ಟೆಲು. ನಳಿನಿಗೆ ಹದಿನಾರು ವರ್ಷ. ಯಾವುದಾದರೂ ಹಳೆಯ ವಸ್ತು ಮುಟ್ಟಿದರೆ ಅದರ ಸತ್ತ ಯಜಮಾನನ ಸ್ವರ ಅವಳಿಗೆ ಕೇಳಿಸುತ್ತದೆ. ಹಾಸ್ಟೆಲಿನ ಮಾಳಿಗೆಯಲ್ಲಿ ಬೀಗ ಹಾಕಿದ ಒಂದು ಕೋಣೆ. ಅಲ್ಲಿ ವಿಮಲ ಎಂಬ ಹುಡುಗಿ ಎಷ್ಟೋ ವರ್ಷದ ಹಿಂದೆ ಜ್ವರ ಬಂದು ಸತ್ತಿದ್ದಳು. ಅವಳ ಬಾಚಣಿಗೆ ನಳಿನಿಯ ಕೈಗೆ ಸಿಕ್ಕಿತು, ಸ್ವರ ಕೇಳಿತು: ನನಗೆ ಮನೆಗೆ ಹೋಗಬೇಕು.

ನಾನು ಹೆದರಿಸುವ ಸ್ವರದಲ್ಲಿ ಓದಿದ್ದೆ. ನೀವು ಹೆದರಲಿಲ್ಲ, ಸಿಟ್ಟಾದಿರಿ. ಸಿಟ್ಟು ವಿಮಲಳ ಮನೆಯವರ ಮೇಲೆ.

"ಎಂತ ಜನ ಇವರು? ಪ್ರಾಯಕ್ಕೆ ಬಂದ ಹುಡುಗಿ ಹೋಗಿದ್ದಾಳೆ, ಆಟಿಯಲ್ಲಿ ಒಂದು ಎಲೆ ಹಾಕಿ ಬಡಿಸಿಲ್ಲ. ಹಸಿವಲ್ಲಿ ತಿರುಗದೆ ಎಂತ ಮಾಡ್ತಾಳೆ ಅವಳು?"

"ಅವರು ಆ ಕಡೆಯವರು ದೊಡ್ಡಮ್ಮ. ಅವರಲ್ಲಿ ಸತ್ತವರಿಗೆ ಆಟಿ ತಿಂಗಳಲ್ಲಿ ಬಡಿಸುದು ಇಲ್ಲ."

"ಆ ಕಡೆಯವರಿಗೆ ಹಸಿವು ಇಲ್ವಾ?"

ಪುಸ್ತಕ ಬರೆದವರು ನಿಮಗೆ ಸಿಕ್ಕಿದ್ದರೆ ಅವರನ್ನೂ ಕೂರಿಸಿ ಕ್ರಮ ಹೇಳಿಕೊಡುತ್ತಿದ್ದಿರಿ. ನಾನು ಹೊಟ್ಟೆ ಹಿಡಿದು ನಕ್ಕೆ. ನೀವು ನೂಲು ಕಚ್ಚಿ ತುಂಡು ಮಾಡಿ, "ನಗು, ನಗು. ನಾಳೆ ನನಗೆ ಎಲೆ ಹಾಕುವವ ನೀನೇ" ಎಂದಿರಿ. ನಾನು ಆ ಮಾತಿಗೂ ನಕ್ಕಿದ್ದೆ. ಯಾಕೆ ನಗಬಾರದಿತ್ತು? ನೀವು ಅಷ್ಟು ಗಟ್ಟಿ ಇದ್ದಿರಿ.

ಕಥೆ ಮುಗಿದ ದಿನ ನಿಮ್ಮ ಕೈ ನಿಂತಿತು. ನೀವು ಬೀಡಿ ಕಟ್ಟುವಾಗ ಕೈ ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ವಿಮಲ ನಳಿನಿಯ ಹತ್ತಿರ ಬೇಡುತ್ತಾಳೆ: ಒಂದೇ ಒಂದು ದಿನಕ್ಕೆ ನಿನ್ನ ಶರೀರ ಕೊಡು, ಅಮ್ಮನನ್ನು ನೋಡಿ ಬರುತ್ತೇನೆ, ಅಲ್ಲಿಯವರೆಗೆ ನೀನು ಈ ಕೋಣೆಯಲ್ಲಿರು. ಪಾಪದ ಹುಡುಗಿ ಒಪ್ಪುತ್ತಾಳೆ. ವಿಮಲ ನಳಿನಿಯಾಗಿ ಮೆಟ್ಟಿಲಿಳಿದು ಬಸ್ಸು ಹತ್ತುತ್ತಾಳೆ. ಬಸ್ಸು ಹೋಗುವುದು ವಿಮಲಳ ಊರಿಗಲ್ಲ, ನಳಿನಿಯ ಊರಿಗೆ. ಅವಳಿಗೆ ಬೇಕಾದದ್ದು ಜೀವ ಇರುವ ಮನೆ. ಕಿಟಕಿಯಲ್ಲಿ ನಿಂತು ನಳಿನಿ ಕೂಗುತ್ತಾಳೆ, ಸ್ವರ ಯಾರಿಗೂ ಕೇಳುವುದಿಲ್ಲ. ಕೊನೆಯಲ್ಲಿ ಒಂದು ಸಾಲು: ನಳಿನಿಯ ಕಥೆಯ ಎರಡನೇ ಭಾಗ ಶೀಘ್ರದಲ್ಲಿ.

"ಮತ್ತೆ?" ಎಂದಿರಿ.

"ಮತ್ತೆ ಇಲ್ಲ. ಇನ್ನೊಂದು ಪುಸ್ತಕ ಬರ್ತದಂತೆ. ಇದು ಸಾಲಾಗಿ ಬರುವ ಕಥೆ."

"ಅಲ್ಲಿವರೆಗೆ ಆ ಹೆಣ್ಣು ಕೋಣೆಯಲ್ಲೇ ಇರುದಾ?"

"ಇರ್ಬೇಕಷ್ಟೆ."

"ಅವಳ ತಾಯಿಗೆ ಗೊತ್ತಾಗುದಿಲ್ವಾ, ಬಂದದ್ದು ಬೇರೆ ಅಂತ?"

"ಹೇಗೆ ಗೊತ್ತಾಗ್ತದೆ? ಮುಖ ಅದೇ ಅಲ್ವಾ."

ನೀವು ತಡ್ಪೆಯನ್ನು ಮಡಿಲಿಂದ ಕೆಳಗಿಟ್ಟಿರಿ. ಆಮೇಲೆ, "ಉಣ್ಣುವಾಗ ಗೊತ್ತಾಗ್ತದೆ. ಗಂಜಿಗೆ ಕೈ ಹಾಕುವ ಕ್ರಮ ಒಬ್ಬೊಬ್ಬರದ್ದು ಒಂದೊಂದು. ನೀನು ಮೊದಲು ಉಪ್ಪಿನಕಾಯಿ ನೆಕ್ಕುದು. ಬೇರೆ ಯಾರಾದ್ರೂ ನಿನ್ನ ಮುಖ ಹೊತ್ಕೊಂಡು ಬಂದ್ರೆ ನಾನು ಬಟ್ಟಲು ಇಡುವಾಗಲೇ ಹಿಡಿತಿದ್ದೆ" ಎಂದಿರಿ.

ನನ್ನನ್ನು ಹೆತ್ತದ್ದು ಕಬಕದಲ್ಲಿರುವ ನಿಮ್ಮ ತಂಗಿ. ಮಕ್ಕಳು ಹೆಚ್ಚಾಗಿ, ಮಕ್ಕಳಿಲ್ಲದ ಅಕ್ಕನ ಮನೆಯಲ್ಲಿ ಒಬ್ಬ ಇರಲಿ ಎಂದು ನಡೆಯಲು ಕಲಿಯುವ ಮೊದಲೇ ನಿಮ್ಮ ಮಡಿಲಿಗೆ ಹಾಕಿದವಳು. ನಾನು ಗಂಜಿ ಹೇಗೆ ಉಣ್ಣುತ್ತೇನೆ ಎಂದು ಅವಳಿಗೆ ಗೊತ್ತಿರಲಿಕ್ಕಿಲ್ಲ. ಆ ದಿನ ಈ ಯೋಚನೆ ನನ್ನ ತಲೆಗೆ ಬರಲಿಲ್ಲ. ಪುಸ್ತಕ ಮಡಚಿ ವಾಲಿಬಾಲ್ ಆಡಲು ಹೋದೆ.

ಆಮೇಲೆ ಮನೆಗೆ ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲು ನೀವು ಕೇಳುತ್ತಿದ್ದದ್ದು ಒಂದೇ: "ಬಂತಾ?" ಹಮೀದಾಕನನ್ನು ಎಷ್ಟು ಸಲ ಪೀಡಿಸಿದೆನೋ. "ಮೊದಲನೆಯದ್ದೇ ಯಾರು ಮಾಡಿದ್ದು ಅಂತ ಗೊತ್ತಿಲ್ಲ ಮಾರಾಯ, ಎರಡನೆಯದ್ದು ಯಾರತ್ರ ಕೇಳುದು?" ಎಂದರು ಅವರು. ಬಸ್ಸಿಗೆ ಸೇರಿದ ಮೇಲೆ ಸುಳ್ಯದ ಅಂಗಡಿಗಳಲ್ಲಿ ಕೇಳಿದೆ. ಹೆಸರಿಲ್ಲದ ಪುಸ್ತಕದ ಎರಡನೇ ಭಾಗ ಉಂಟಾ ಎಂದರೆ ಯಾರು ಹುಡುಕುತ್ತಾರೆ? ಒಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ ಬೇರೆ ಗಿರಾಕಿಯ ಕಡೆ ತಿರುಗಿದರು. ನಾನೂ ಕೇಳುವುದು ಬಿಟ್ಟೆ. ನೀವು ಬಿಡಲಿಲ್ಲ.

ಪುತ್ತೂರಿನ ಆಸ್ಪತ್ರೆಯಲ್ಲಿ ನಿಮ್ಮ ಮಂಚದ ಹತ್ತಿರ ಕೂತಿದ್ದ ಬೆಳಗ್ಗೆ... ಅದನ್ನು ಬರೆಯುವುದು ಕಷ್ಟ. ಜ್ವರ ಎದೆಗೆ ಇಳಿದಿತ್ತು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ನೀವು ಉಸಿರು ಹುಡುಕುತ್ತಿದ್ದಿರಿ. ದೊಡ್ಡಪ್ಪ ಕಾಫಿ ತರಲು ಹೋಗಿದ್ದರು. ಅವರು ಹೋದದ್ದನ್ನು ನೋಡಿ ನೀವು ನನ್ನ ಕೈ ಹಿಡಿದಿರಿ.

"ಮಗಾ, ಆ ಹುಡುಗಿ ಎಂತ ಆದಳು?"

"ಯಾವ ಹುಡುಗಿ?"

"ನಳಿನಿ. ಮನೆ ಸೇರಿದಳಾ?"

"ಪುಸ್ತಕ ಬರ್ಲಿಲ್ಲ ದೊಡ್ಡಮ್ಮ. ಈಗ ಅದೆಲ್ಲ ಎಂತಕ್ಕೆ?"

"ಎಂತಕ್ಕೂ ಇಲ್ಲ. ಕೇಳಿದ್ದು."

ಅಷ್ಟೇ. ನೀವು ಗೋಡೆಯ ಕಡೆ ತಿರುಗಿದಿರಿ. ಸೇರಿದಳು ಎನ್ನಲು ನನಗೆ ಎಷ್ಟು ಹೊತ್ತು ಬೇಕಿತ್ತು? ನಾಲಿಗೆಯ ತುದಿಯ ಮಾತು. ತಾಯಿ ಗುರುತು ಹಿಡಿದಳು, ಗಂಜಿ ಉಣ್ಣುವಾಗ, ನೀವು ಹೇಳಿದ ಹಾಗೆಯೇ... ಇಷ್ಟು ಕಟ್ಟಿ ಹೇಳಲು ನನಗೆ ಬರುತ್ತಿರಲಿಲ್ಲವೇ? ವರ್ಣನೆ ಹಾರಿಸಿ ಓದುವವನಿಗೆ ಒಂದು ಸಾಲು ಸೇರಿಸಲು ತಿಳಿಯಲಿಲ್ಲ. ಮರುದಿನ ನೀವು ಇರಲಿಲ್ಲ.

ಹದಿನಾರನೇ ದಿನದ ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು ನೆಂಟರೆಲ್ಲ ಚಾವಡಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದಾಗ ನಡೆದದ್ದು ನಿಮಗೆ ಗೊತ್ತಿರಲಿಕ್ಕಿಲ್ಲ. ಕ್ರಮದಂತೆ ದೊಡ್ಡಪ್ಪ ಕೇಳಿದರು: "ಅವಳು ದೈವಕ್ಕೆ ಹೇಳಿದ ಹರಕೆ ಎಂತದಾದ್ರೂ ಬಾಕಿ ಉಂಟಾ? ಗೊತ್ತಿದ್ದವರು ಹೇಳಿ. ತೀರಿಸದೆ ಬಿಟ್ರೆ ಅವಳಿಗೆ ಭಾರ." ದೊಡ್ಡಪ್ಪನ ತಂಗಿ ಸುಂದರಿ ಅತ್ತೆ ಬಾಯಿ ಒರೆಸಿಕೊಂಡು, "ಒಂದು ಉಂಟು ಅಣ್ಣ. ನಾನು ಹೇಳ್ಬೇಕೋ ಬಾರದೋ" ಎಂದರು. ಅತ್ತೆ ಹಾಗೆ ಹೇಳಿದರೆ ಹೇಳಿಯೇ ಹೇಳುತ್ತಾರೆ ಎಂದು ನಿಮಗೆ ಗೊತ್ತಲ್ಲ.

ಸೋಣ ತಿಂಗಳಲ್ಲಿ ನೀವು ದೈವದ ಕಲ್ಲಿಗೆ ದೀಪ ಇಡುವಾಗ ಅವರು ಹಿಂದೆ ನಿಂತಿದ್ದರಂತೆ. ನೀವು ಕೈ ಮುಗಿದು, "ಆ ಹೆಣ್ಣು ಎಲ್ಲಿದ್ರೂ ತಾಯಿಯ ಮನೆ ಸೇರ್ಲಿ. ನನ್ನ ಕಣ್ಣಿಗೆ ಕಾಣದಿದ್ರೂ ಅಡ್ಡಿ ಇಲ್ಲ, ಸೇರಿದ್ದು ಗೊತ್ತಾದ್ರೆ ಸಾಕು. ನಿನಗೆ ಎಡೆ ಇಟ್ಟು ಒಂದು ತಂಬಿಲ ಕೊಡ್ತೇನೆ" ಎಂದು ಹೇಳಿದಿರಂತೆ.

ಚಾವಡಿಯಲ್ಲಿ ಎಲೆಗೆ ಸುಣ್ಣ ಹಚ್ಚುವ ಕೈಗಳೂ ನಿಂತವು. "ಯಾವ ಹೆಣ್ಣು?" ಎಂದು ಯಾರೋ ಕೇಳಿದರು. ಅತ್ತೆ ಯಾರ ಮುಖವನ್ನೂ ನೋಡದೆ, "ಮದುವೆಗೆ ಮೊದಲು ಅತ್ತಿಗೆ ಘಟ್ಟದ ಮೇಲೆ ಕಾಫಿ ಎಸ್ಟೇಟಿನಲ್ಲಿ ಇದ್ದದ್ದು ಅಲ್ವಾ. ಎಂತದೋ, ನಮಗೆಂತ ಗೊತ್ತು" ಎಂದರು.

ಆ ಹೆಣ್ಣು ಯಾರೆಂದು ನನಗೆ ಆಗಲೇ ಗೊತ್ತಾಯಿತು. ಆಸ್ಪತ್ರೆಯಲ್ಲಿ ನೀವು ಯಾಕೆ ಕೇಳಿದಿರಿ ಎಂಬುದೂ ಆಗಲೇ ಗೊತ್ತಾಯಿತು. ನೀವು ಕಥೆಯ ಕೊನೆ ಕೇಳಿದ್ದಲ್ಲ, ಹರಕೆ ತೀರಿಸಬೇಕೋ ಬೇಡವೋ ಎಂದು ಕೇಳಿದ್ದು. ನನಗೊಬ್ಬನಿಗಾದರೂ ಯಾಕೆ ಹೇಳಲಿಲ್ಲ ದೊಡ್ಡಮ್ಮ? ನಗುತ್ತೇನೆ ಎಂದು ತಾನೇ?

"ಅದು ಪುಸ್ತಕದ ಹುಡುಗಿ" ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು. "ನಾನು ಓದಿ ಹೇಳಿದ ಕಥೆಯ ಹುಡುಗಿ. ಅವಳಿಗೇ ಹರಕೆ ಹೇಳಿದ್ದು."

ಅತ್ತೆ ನಕ್ಕರು. "ಪುಸ್ತಕದಲ್ಲಿ ಇರುವವರಿಗೆ ಹರಕೆ ಹೇಳ್ಲಿಕ್ಕೆ ಅತ್ತಿಗೆಯ ತಲೆ ಸರಿ ಇರ್ಲಿಲ್ವಾ? ಸಾಕಿದವಳ ಮಾನ ಮುಚ್ಲಿಕ್ಕೆ ನೋಡ್ತಿ, ಒಳ್ಳೆದೇ. ಆದ್ರೆ ನಂಬುವ ಹಾಗೆ ಹೇಳು ಮಾರಾಯ." ಉಳಿದವರೂ ನಕ್ಕರು. ನೀವು ಒಂದೋ ಹುಚ್ಚಿ, ಇಲ್ಲವೇ ಎಸ್ಟೇಟಿನಲ್ಲಿ ಮಗು ಹೆತ್ತು ಬಿಟ್ಟು ಬಂದವಳು. ಅವರಿಗೆ ಬೇರೆ ದಾರಿ ಕಾಣಲಿಲ್ಲ. ದೊಡ್ಡಪ್ಪ ನಗಲಿಲ್ಲ. ಎದ್ದು ಹಟ್ಟಿಯ ಕಡೆ ಹೋದರು.

ಆ ವಾರ ಮನೆಯಲ್ಲಿ ದೊಡ್ಡಪ್ಪ ಊಟಕ್ಕೆ ಕೂತು ಅರ್ಧಕ್ಕೆ ಏಳುತ್ತಿದ್ದರು. ನಿಮ್ಮ ತಡ್ಪೆ ಜಗಲಿಯಲ್ಲೇ ಇತ್ತು, ಅದನ್ನು ನೋಡಬಾರದೆಂದು ಹಿಂಬಾಗಿಲಲ್ಲಿ ಓಡಾಡಿದರು. ಒಮ್ಮೆ ಮಾತ್ರ, "ಎಸ್ಟೇಟಿನ ಸುದ್ದಿ ತೆಗೆದ್ರೆ ಅವಳು ಯಾವಾಗಲೂ ಮಾತು ಬದಲಿಸ್ತಿದ್ದಳು" ಎಂದರು. ಅಲ್ಲಿ ಹಸಿವು, ಚಳಿ, ಮೇಸ್ತ್ರಿಯ ಬೈಗಳು ಬಿಟ್ಟು ಹೇಳುವಂಥದ್ದು ಏನಿತ್ತು? ಆದರೆ ಸತ್ತವರ ಮೇಲೆ ಸಂಶಯ ಬಂದರೆ ಕೇಳುವುದು ಯಾರ ಹತ್ತಿರ?

ಪುಸ್ತಕವನ್ನೇ ಅವರ ಮುಂದೆ ಇಡಬೇಕೆಂದು ನಾನು ಪುತ್ತೂರಿಗೆ ಹೋದೆ. ಹಮೀದಾಕನ ಅಂಗಡಿಯಲ್ಲಿ ಅವರ ತಮ್ಮ ಕ್ಯಾಸೆಟ್ ಮಾರುತ್ತಿದ್ದ. ಹಮೀದಾಕ ಗಲ್ಫಿಗೆ ಹೋಗಿದ್ದರು. ಕಾದಂಬರಿಗಳನ್ನೆಲ್ಲ ತೂಕಕ್ಕೆ ಹಾಕಿದ್ದರು. "ಕಡ್ಲೆ ಕಟ್ಟುವವರು ಕೊಂಡೋದ್ರು. ಸಂತೆಯಲ್ಲಿ ಕಡ್ಲೆ ತಗೊಂಡು ನೋಡಿ, ಒಂದೊಂದು ಪುಟ ಸಿಕ್ಕೀತು" ಎಂದ ಅವನು. ತಮಾಷೆಗೆ ಹೇಳಿದ್ದು. ನಾನು ಎರಡು ಪೊಟ್ಟಣ ತೆಗೆದುಕೊಂಡು ಬಿಚ್ಚಿಯೂ ನೋಡಿದೆ.

ಬರಿಗೈಯಲ್ಲಿ ಬಂದವನನ್ನು ದೊಡ್ಡಪ್ಪ ಜಗಲಿಯಲ್ಲಿ ಕೂರಿಸಿದರು. "ಸಿಕ್ಕಿಲ್ವಾ? ಆಗಲಿ. ಅವಳಿಗೆ ಹೇಗೆ ಹೇಳಿದ್ದೆಯೋ ಹಾಗೇ ನನಗೆ ಹೇಳು."

ಹೇಳಿದೆ. ಹಾಸ್ಟೆಲು, ಮಾಳಿಗೆ, ಬಾಚಣಿಗೆ, ಏನನ್ನೂ ಹಾರಿಸಲಿಲ್ಲ. ಆದರೆ ನಿಮ್ಮ ಮಾತು ಬಿಟ್ಟು ಆ ಕಥೆ ಹೇಳಲು ನನಗೆ ಬರುವುದೇ ಇಲ್ಲ. ಇಲ್ಲಿ ದೊಡ್ಡಮ್ಮ ಮೆಟ್ಟಿಲು ಯಾವುದರದ್ದು ಎಂದು ಕೇಳಿದರು, ಇಲ್ಲಿ ವಿಮಲಳ ಮನೆಯವರಿಗೆ ಬೈದರು... ದೊಡ್ಡಪ್ಪ ಕಣ್ಣು ಮುಚ್ಚಿ ಕೇಳಿದರು. ಆಟಿಯ ಎಲೆಯ ಮಾತಿಗೆ ಅವರ ತುಟಿ ಸ್ವಲ್ಪ ಅಲುಗಿತು. ನಳಿನಿ ಶರೀರ ಕೊಟ್ಟಳು, ಬೇರೆಯವಳು ಅದನ್ನು ಹೊತ್ತು ಹೋದಳು ಎನ್ನುವಲ್ಲಿ ಅವರು ಕೈ ಎತ್ತಿ ನನ್ನನ್ನು ನಿಲ್ಲಿಸಿದರು.

"ನಿಲ್ಲು. ಒಂದು ದಿನ ಬಡಿಸುವಾಗ ಅವಳು ಕೇಳಿದ್ದಳು ನನ್ನತ್ರ. 'ನನ್ನ ಶರೀರದಲ್ಲಿ ಬೇರೆ ಯಾರಾದ್ರೂ ಬಂದು ನಿಂತ್ರೆ ನಿಮಗೆ ಗೊತ್ತಾಗ್ತದಾ' ಅಂತ."

"ನೀವೆಂತ ಹೇಳಿದ್ರಿ?"

"ಸಾರಿಗೆ ಉಪ್ಪು ಸರಿ ಇದ್ರೆ ಗೊತ್ತಾಗ್ತದೆ, ಬಂದದ್ದು ಬೇರೆ ಅಂತ. ಹಾಗೆ ಹೇಳಿದೆ." ಅವರು ನಕ್ಕರು, ನಗುತ್ತಲೇ ಹೆಗಲ ಬೈರಾಸಿನಿಂದ ಮುಖ ಮುಚ್ಚಿಕೊಂಡರು. "ಎರಡು ಮೂರು ದಿನ ಮಾತಾಡ್ಲಿಲ್ಲ ನನ್ನತ್ರ. ಯಾಕೆ ಸಿಟ್ಟು ಅಂತ ಈ ಹೊತ್ತಿನವರೆಗೆ ಗೊತ್ತಿರ್ಲಿಲ್ಲ ಮಾರಾಯ."

ಅವರು ಮತ್ತೆ ಎಸ್ಟೇಟಿನ ಮಾತು ತೆಗೆಯಲಿಲ್ಲ. ಕೊನೆಯವರೆಗೆ ಕೇಳಿ, ನಿಮ್ಮ ಹಾಗೆಯೇ "ಮತ್ತೆ?" ಎಂದರು. ಮತ್ತೆ ಇಲ್ಲ ಎಂದೆ. ಆಗ ನಾನು ಆಸ್ಪತ್ರೆಯ ಮಾತನ್ನೂ ಹೇಳಿದೆ. ಸೇರಿದಳು ಎಂದು ಒಂದು ಸುಳ್ಳು ಹೇಳಬಹುದಿತ್ತು ದೊಡ್ಡಪ್ಪ, ನೆಮ್ಮದಿಯಲ್ಲಿ ಹೋಗುತ್ತಿದ್ದರು ಎಂದೆ. ಅವರು ಯೋಚಿಸಿ, "ಸೇರಿದಳು ಅಂದಿದ್ರೆ, ತಂಬಿಲ ಕೊಡ್ದೆ ಹೋಗುದು ಹೇಗೆ ಅಂತ ಮಂಚದಿಂದ ಇಳಿತಿದ್ದಳು ಅವಳು" ಎಂದರು. ಅದು ಸಮಾಧಾನವೋ ಅಲ್ಲವೋ, ನನಗೆ ಇನ್ನೂ ತಿಳಿದಿಲ್ಲ. ಇಳಿಯುವಷ್ಟು ಜೀವ ಬರುತ್ತಿತ್ತೋ ಏನೋ ಎಂದು ಒಮ್ಮೊಮ್ಮೆ ಅನಿಸುತ್ತದೆ.

ನಿಮಗೆ ಗೊತ್ತಿಲ್ಲದ ಸುದ್ದಿ ಇನ್ನೊಂದು ಉಂಟು. ಅದಕ್ಕಾಗಿಯೇ ಈ ಕಾಗದ. ಕಳೆದ ಸಂಕ್ರಮಣಕ್ಕೆ ದೈವಕ್ಕೆ ದೀಪ ಇಡುವಾಗ ದೊಡ್ಡಪ್ಪ ಎಲ್ಲರನ್ನೂ ಕರೆಸಿದರು, ಸುಂದರಿ ಅತ್ತೆಯನ್ನು ವಿಶೇಷವಾಗಿ. ನಾವೆಲ್ಲ ತಂಬಿಲ ಕೊಟ್ಟು ಮುಗಿಸುತ್ತಾರೆ ಎಂದುಕೊಂಡೆವು. ತಂಬಿಲಕ್ಕೆ ಬೇಕಾದ ಭತ್ತದ ಹೊದ್ಲು ಇಲ್ಲ, ಸೀಯಾಳ ಇಲ್ಲ, ಬರೇ ದೀಪ. ಹುಡುಗಿ ಸೇರಿದಳು ಎಂದು ದೈವದ ಮುಂದೆ ಸುಳ್ಳು ಹೇಳಲು ಅವರು ತಯಾರಿರಲಿಲ್ಲ. ಕೈ ಮುಗಿದು, ನಿಮ್ಮ ಹೆಸರು ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ದೇವಕಿ ಹೇಳಿದ ಹರಕೆ ಇನ್ನು ನನ್ನದು. ಅವಳ ಮೇಲಿನ ಭಾರ ತೆಗೆ. ನಳಿನಿ ಮನೆ ಸೇರಿದ ಸುದ್ದಿ ಬಂದ ದಿನ ತಂಬಿಲ ನಾನು ಕೊಡ್ತೇನೆ."

ಅತ್ತೆಗೆ ತಡೆಯಲಿಲ್ಲ. "ನಳಿನಿ ಅಂದ್ರೆ ಯಾರು ಅಣ್ಣ? ಯಾರ ಮನೆಯ ಹುಡುಗಿ?"

ದೊಡ್ಡಪ್ಪ ತಿರುಗಿ ನೋಡಿದರು. ಪುಸ್ತಕ ಎನ್ನುತ್ತಾರೆ, ಮೊದಲಿನಿಂದ ಕಥೆ ಬಿಡಿಸಿ ಹೇಳುತ್ತಾರೆ ಎಂದು ನಾನು ಕಾದೆ.

"ನಮ್ಮದೇ" ಎಂದರು. "ನನ್ನದು ಮತ್ತು ದೇವಕಿಯದ್ದು. ಇನ್ನೇನು ಕೇಳ್ಲಿಕ್ಕೆ ಉಂಟು?"

ನಿಮ್ಮ ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ಯಾರೂ ಹೇಳದ ಮಾತು ಅದು. ನೀವು ಇದ್ದು ಕೇಳಬೇಕಿತ್ತು. ನೀವು ಇದ್ದಿದ್ದರೆ ಅವರು ಹೇಳುತ್ತಿದ್ದರೇ, ಅದೂ ನನಗೆ ಗೊತ್ತಿಲ್ಲ.

ನಾನು ವಾರಕ್ಕೊಮ್ಮೆ ಕೋಡಿಂಬಾಳಕ್ಕೆ ಹೋಗುತ್ತೇನೆ. ಎರಡನೇ ಭಾಗ ಬಂದಿಲ್ಲ. ಬರೆದವರು ಇದ್ದಾರೋ ಇಲ್ಲವೋ. ಬಂದಿಲ್ಲ ಎಂದು ದೊಡ್ಡಪ್ಪನಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳುತ್ತೇನೆ. ಅವರು ತಲೆ ಆಡಿಸುತ್ತಾರೆ. ಮೊನ್ನೆ ಮಾತ್ರ, ತಮ್ಮ ನಂತರ ಆ ಹರಕೆ ಯಾರದ್ದು ಎಂದು ಕೇಳಿದರು. ನನ್ನದು ಎಂದೆ. "ನೀನು ಒಂದು ಕಡೆ ನಿಲ್ಲುವವನಲ್ಲ" ಎಂದರು.

ನಿಲ್ಲುತ್ತೇನೆ ದೊಡ್ಡಮ್ಮ. ಸುದ್ದಿ ಬಂದರೆ ಅದು ಕೋಡಿಂಬಾಳದ ಮನೆಗೇ ತಾನೇ ಬರಬೇಕು? ಆ ಹೊತ್ತಿಗೆ ಅಲ್ಲಿ ಯಾರಾದರೂ ಇರಬೇಕಲ್ಲ.

ನಿಮ್ಮ ಮಗ,
ಸುಧಾಕರ